ಪೇಪರ್ ಹಾಕುತ್ತಿದ್ದವನ ಪುಕ್ಕಟೆ ಓದು

ಪಿಯುಸಿ ಓದುವಾಗ ಬೆಳಗಿನ ಜಾವ ಐದಕ್ಕೆ ಎದ್ದು, ಸೈಕಲ್ ಹತ್ತಿ ಅರವತ್ತು ಮನೆಗಳಿಗೆ ಪೇಪರ್ ಹಾಕುತ್ತಿದ್ದೆ. ಕಾಲೇಜಿನ ಫೀಸು ಹುಟ್ಟುತ್ತಿದ್ದುದೇ ಅದರಿಂದ. ತಿಂಗಳ ಬಿಲ್ ಹಿಡಿದು ಹೋದಾಗ ‘ನಾಳೆ ಬಾರಪ್ಪಾ’ ಎನ್ನುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಈಗ ಬೆಂಗಳೂರಿನ ಪಿ.ಜಿ.ಯಲ್ಲಿದ್ದೇನೆ. ವಾಟ್ಸ್‌ಆ್ಯಪ್ ಗ್ರೂಪಿಗೆ ದಿನಾ ಯಾರೋ ಹಾಕುವ ಪಿಡಿಎಫ್‌ನಲ್ಲೇ ನನ್ನ ಪೇಪರ್ ಓದು. ಮೊನ್ನೆ ಒಂದು ಒಳ್ಳೆಯ ವರದಿ ತೆರೆದರೆ ‘ಚಂದಾದಾರರಾಗಿ’ ಎಂದಿತು ಮೊಬೈಲು. ‘ಕಾಗದವಿಲ್ಲ, ಶಾಯಿಯಿಲ್ಲ, ಪೇಪರ್ ಹಾಕುವ ಹುಡುಗನೂ ಇಲ್ಲ. ಇದಕ್ಕೂ ದುಡ್ಡಾ?’ ಎಂದು ಗೊಣಗಿದೆ. ಊರಿಗೆ ಹೋದಾಗ ನಮ್ಮ ಹಳೆಯ ಏಜೆಂಟರ ಬಳಿಯೂ ಇದನ್ನೇ ಹೇಳಿದೆ.

ಅವರು ನಕ್ಕರು. ‘ನೀನು ಹಂಚುತ್ತಿದ್ದ ಪೇಪರಿನ ಬೆಲೆಯಲ್ಲಿ ಅದನ್ನು ತಯಾರಿಸೋ ಖರ್ಚೇ ಹುಟ್ಟುತ್ತಿರಲಿಲ್ಲ ಕಣೋ. ಉಳಿದದ್ದನ್ನು ತುಂಬಿಕೊಡುತ್ತಿದ್ದುದು ಜಾಹೀರಾತು. ಮೊಬೈಲಿನಲ್ಲಿ ಜಾಹೀರಾತಿನ ದುಡ್ಡಿನ ದೊಡ್ಡ ಪಾಲು ಗೂಗಲ್, ಫೇಸ್‌ಬುಕ್‌ನವರಿಗೆ ಹೋಗುತ್ತೆ. ಮತ್ತೆ ವರದಿಗಾರನ ಸಂಬಳ ಯಾರು ಕೊಡಬೇಕು?’

ನನ್ನ ವಾದವನ್ನು ಪೂರ್ತಿ ಬಿಟ್ಟುಕೊಟ್ಟಿಲ್ಲ. ಮನೆಗೆ ಬರುವ ಪೇಪರನ್ನು ಅಜ್ಜಿಯಿಂದ ಪಕ್ಕದ ಮನೆಯವರವರೆಗೆ ಎಲ್ಲರೂ ಓದಿ, ಕೊನೆಗೆ ರದ್ದಿಗೆ ಹಾಕಿದರೆ ನಾಲ್ಕು ಕಾಸು ಸಿಗುತ್ತದೆ. ಮೊಬೈಲಿನದ್ದಕ್ಕೆ ಆ ಭಾಗ್ಯವಿಲ್ಲ. ತೆರಿಗೆಯ ಲೆಕ್ಕವೂ ವಿಚಿತ್ರ. ಮುದ್ರಿತ ಪತ್ರಿಕೆಗೆ ಜಿಎಸ್‌ಟಿ ಇಲ್ಲ, ಡಿಜಿಟಲ್ ಚಂದಾಕ್ಕೆ ಶೇ 18! ಹಾಗಾಗಿ ಡಿಜಿಟಲ್ ಪತ್ರಿಕೆ ಅಗ್ಗವಾಗಿಯೇ ಇರಬೇಕು. ಆದರೆ ಅಗ್ಗ ಬೇರೆ, ಪುಕ್ಕಟೆ ಬೇರೆ.

ವಾಪಸು ಬರುವಾಗ ಬಸ್ಸಿನಲ್ಲೇ ಕುಳಿತು ವರ್ಷದ ಚಂದಾ ಕಟ್ಟಿದೆ. ‘ನಾಳೆ ಬಾರಪ್ಪಾ’ ಎನ್ನುವವರ ಸಾಲಿನಲ್ಲಿ ಇಷ್ಟು ದಿನ ನಾನೂ ನಿಂತಿದ್ದೆನಲ್ಲ!