ಕರದಂಟಿನ ಊರಿನ ಬೆಕ್ಕಿಗೆ ಸಿಹಿ ಬೇಡ

ಗೋಕಾಕ ಎಂದರೆ ಕರದಂಟು. ಹುಕ್ಕೇರಿ, ಮೂಡಲಗಿ ಕಡೆಯ ಗೆಳೆಯರೂ ಹಬ್ಬಕ್ಕೆ ಊರಿಗೆ ಹೋಗುವಾಗ ಅದನ್ನೇ ಕಟ್ಟಿಸಿಕೊಂಡು ಹೋಗುತ್ತಾರೆ. ಮನೆಗೆ ಬಂದವರಿಗೆ ಒಂದು ತುಂಡು ಕೊಟ್ಟ ಹಾಗೆಯೇ, ಕಾಲ ಬಳಿ ಕುಳಿತ ಬೆಕ್ಕು ನಾಯಿಗಳಿಗೂ ಒಂದು ಚೂರು ಹಾಕುತ್ತೇವೆ. ಆದರೆ ನಮ್ಮ ಪ್ರೀತಿಯ ತಿನಿಸು ಅವುಗಳಿಗೆ ಕೆಡುಕು ಮಾಡಬಹುದು. ನಮ್ಮ ಮುನ್ನಿ ಕಾಯಿಲೆ ಬಿದ್ದಾಗ ನನಗೆ ಇದು ತಿಳಿಯಿತು.

ಮುನ್ನಿ ನಮ್ಮ ಮನೆಯ ಬೆಕ್ಕು. ಹಜರತ್ ಅಬೂ ಹುರೈರಾ ಅವರಿಗೆ ಆ ಹೆಸರು ಬಂದದ್ದೇ ಬೆಕ್ಕಿನ ಮರಿಯಿಂದ ಎಂದು ಹೇಳುತ್ತಾ ದಾದಿ ದಿನವೂ ತಮ್ಮ ತಾಟಿನ ಸಾಲನ್ ಕಲಸಿದ ಅನ್ನವನ್ನು ಅದಕ್ಕೆ ಹಾಕುತ್ತಿದ್ದರು. ಕಳೆದ ವರ್ಷ ಅದು ತಿನ್ನುವುದನ್ನು ಬಿಟ್ಟು ಮೂಲೆ ಸೇರಿತು. ಒಸಡು ಬಿಳಿಚಿಕೊಂಡಿತ್ತು. ಪಶುವೈದ್ಯರು ಮೊದಲು ಕೇಳಿದ್ದು, "ಏನು ತಿನ್ನಿಸುತ್ತೀರಿ?" ಎಂದು. ಉತ್ತರ ಕೇಳಿ, "ಉಳ್ಳಾಗಡ್ಡಿ, ಬಳ್ಳೊಳ್ಳಿ ಪೂರ್ತಿ ನಿಲ್ಲಿಸಿ" ಎಂದರು. ಇವೆರಡರಲ್ಲಿರುವ ಗಂಧಕದ ಅಂಶಗಳು ಬೆಕ್ಕು ನಾಯಿಗಳ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಮುನ್ನಿ ಚೇತರಿಸಿಕೊಂಡಿತು. ದಾದಿ ಮಾತ್ರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಇನ್ನು ಸಿಹಿಯ ವಿಷಯ. ಬೆಕ್ಕಿನ ನಾಲಿಗೆಗೆ ಸಿಹಿ ತಿಳಿಯುವುದೇ ಇಲ್ಲ. ಸಿಹಿಯನ್ನು ಗುರುತಿಸಲು ಬೇಕಾದ ಒಂದು ಜೀನ್ ಅದರಲ್ಲಿ ಕೆಲಸ ಮಾಡುವುದಿಲ್ಲ ಎಂದು ಅಮೆರಿಕದ ಮೊನೆಲ್ ಸಂಸ್ಥೆಯ ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ನಾಯಿಗೆ ಸಿಹಿ ತಿಳಿಯುತ್ತದೆ, ಅದಕ್ಕೇ ಅಪಾಯ ಹೆಚ್ಚು. ಕರದಂಟಿಗೆ ಹಾಕುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಚಾಕೊಲೇಟ್ ಕೂಡ ವಿಷವೇ.

ಹಾಗಾದರೆ ಏನು ಕೊಡಬೇಕು?

ಬೆಕ್ಕಿಗೆ: ಎಲುಬಿಲ್ಲದ ಕೋಳಿ ಮಾಂಸದ ಸಣ್ಣ ತುಂಡುಗಳನ್ನು ಬರೀ ನೀರಿನಲ್ಲಿ ಚೆನ್ನಾಗಿ ಬೇಯಿಸಿ. ಉಪ್ಪು, ಖಾರ, ಎಣ್ಣೆ ಯಾವುದೂ ಬೇಡ. ಆರಿದ ಮೇಲೆ ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸಿ. ಬೇಯಿಸಿದ ನೀರನ್ನು ಚೆಲ್ಲದೆ ಒಂದೆರಡು ಚಮಚ ಮೇಲೆ ಹಾಕಿ. ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಎಂಬ ಅಂಶ ಮಾಂಸದಲ್ಲಿದೆ, ಬೇಯಿಸುವಾಗ ಅದರಲ್ಲಿ ಸ್ವಲ್ಪ ನೀರಿಗೆ ಇಳಿಯುತ್ತದೆ.

ನಾಯಿಗೆ: ಒಂದು ಬಟ್ಟಲು ಜೋಳದ ಹಿಟ್ಟಿಗೆ ಅರ್ಧ ಬಟ್ಟಲು ಬೇಯಿಸಿ ಮಿದ್ದ ಕುಂಬಳಕಾಯಿ, ಒಂದು ಮೊಟ್ಟೆ ಸೇರಿಸಿ ನಾದಿ. ತೆಳ್ಳಗೆ ತಟ್ಟಿ, ಸಣ್ಣ ತುಂಡು ಮಾಡಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಗರಿಯಾಗುವವರೆಗೆ ಬೇಯಿಸಿ. ಉಪ್ಪು, ಬೆಲ್ಲ ಬೇಡ.

ಬೇಯಿಸಿದ ಎಲುಬನ್ನು ಇಬ್ಬರಿಗೂ ಹಾಕಬೇಡಿ. ಅದು ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚಬಹುದು. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಕೂಡ ಅರಗುವುದಿಲ್ಲ, ಭೇದಿಯಾಗುತ್ತದೆ.

ಕಾಮರ್ಸ್ ವಿದ್ಯಾರ್ಥಿಯಾದ್ದರಿಂದ ಒಂದು ಲೆಕ್ಕವನ್ನೂ ಕೊಡುತ್ತೇನೆ. ಇಂಥ ತಿನಿಸು ದಿನದ ಆಹಾರದಲ್ಲಿ ಹತ್ತನೇ ಒಂದು ಭಾಗ ಮೀರಬಾರದು ಎಂಬುದು ಪಶುವೈದ್ಯರ ಸಾಮಾನ್ಯ ನಿಯಮ. 4 ಕೆಜಿ ತೂಕದ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕ್ಯಾಲರಿ ಸಾಕು. ಅದರ ಹತ್ತನೇ ಭಾಗ 20ರಿಂದ 25. ಅಂದರೆ ಬೇಯಿಸಿದ ಕೋಳಿ ಸುಮಾರು 15 ಗ್ರಾಂ, ಮನೆಗೆ ತಂದ ಒಂದು ಕೆಜಿಯಲ್ಲಿ ಲೆಕ್ಕಕ್ಕೇ ಬಾರದಷ್ಟು. ಬೇರೆ ಖರ್ಚಿಲ್ಲ. ಒಗ್ಗರಣೆಗೆ ಮುಂಚೆ ಒಂದೆರಡು ತುಂಡು ತೆಗೆದಿಡುವ ನೆನಪು ಇದ್ದರೆ ಸಾಕು.

ನಮ್ಮ ಮನೆಯಲ್ಲಿ ಈಗ ಅಮ್ಮಿ ಮಸಾಲೆ ಹಾಕುವ ಮೊದಲೇ ಮುನ್ನಿಯ ಪಾಲನ್ನು ಬೇರೆ ಪಾತ್ರೆಗೆ ಹಾಕುತ್ತಾರೆ. ಆರಿದ ಮೇಲೆ ಅದನ್ನು ಬಿಡಿಸಿ ಹಾಕುವ ಕೆಲಸವನ್ನು ದಾದಿ ಬೇರೆ ಯಾರಿಗೂ ಕೊಡುವುದಿಲ್ಲ.