ಗಲ್ಫ್‌ನಿಂದ ಬಂದ ದೇಣಿಗೆ: ಯಾರ ಹಣ, ಯಾರ ಖಾತೆ?

ರಮಝಾನ್ ಹತ್ತಿರವಾಗುತ್ತಿದ್ದಂತೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಎಷ್ಟೋ ಮನೆಗಳಿಗೆ ಗಲ್ಫ್‌ನಿಂದ ಫೋನು ಬರುತ್ತದೆ. “ಅಮ್ಮಾ, ಈ ಸಲದ ಝಕಾತ್ ಯಾರಿಗೆ ಕೊಡೋಣ?” ಎಂದು ಮಗ ಕೇಳುತ್ತಾನೆ. ತಾಯಿಗೆ ಒಬ್ಬೊಬ್ಬರೇ ನೆನಪಾಗುತ್ತಾರೆ: ಪಕ್ಕದ ಬೀದಿಯ ವಿಧವೆ, ಫೀಸು ಕಟ್ಟಲಾಗದೆ ಕಾಲೇಜು ಬಿಟ್ಟ ಹುಡುಗಿ, ಮಳೆಗೆ ಗೋಡೆ ಕುಸಿದ ಮನೆಯವರು. ಲೆಕ್ಕ ಹಾಕುವುದು ಅವಳೇ, ಹಂಚುವುದೂ ಅವಳೇ. ಊರಿನ ಟ್ರಸ್ಟಿನವರು ರಸೀದಿ ಪುಸ್ತಕ ಹಿಡಿದು ಬಂದರೆ ಬಾಗಿಲು ತೆರೆಯುವುದೂ ಹೆಚ್ಚಾಗಿ ಅವಳೇ.

ಆದ್ದರಿಂದಲೇ ಸಹೋದರಿಯರೇ, ಗಂಡಸರ ಕಡತದ ವಿಷಯ ಎಂದು ಬದಿಗಿಡುವ ಈ ಮಾತನ್ನು ನಿಮ್ಮ ಮುಂದಿಡುತ್ತಿದ್ದೇನೆ. ಹೊರದೇಶದ ಹಣ ಪಡೆಯುವ ಯಾವುದೇ ಸೇವಾ ಸಂಸ್ಥೆಗೆ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಬೇಕು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಮೊದಲು ಬಂದದ್ದು ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ. ಅದರ ಬದಲಿಗೆ ಬಂದ 2010ರ ಕಾಯ್ದೆ 2011ರ ಮೇ 1ರಿಂದ ಜಾರಿಗೆ ಬಂತು. 2020ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿ ಮಾಡಿತು.

ವಿದೇಶಿ ನೆರವು ನಮ್ಮ ಮಲೆನಾಡಿಗೆ ಹೊಸತೇನಲ್ಲ. ಸಾಗರದ ಪಕ್ಕದ ಹೆಗ್ಗೋಡಿನ ನೀನಾಸಂ 1980ರ ದಶಕದಲ್ಲಿ ಅಮೆರಿಕದ ಫೋರ್ಡ್ ಫೌಂಡೇಶನ್ನಿನ ನೆರವಿನಿಂದ ‘ಜನಸ್ಪಂದನ’ ಯೋಜನೆ ನಡೆಸಿ ನಾಟಕ, ಸಿನಿಮಾಗಳನ್ನು ಹಳ್ಳಿಗಳಿಗೆ ಕೊಂಡೊಯ್ದಿತ್ತು. ಅದೇ ಫೋರ್ಡ್ ಫೌಂಡೇಶನ್ನನ್ನು 2015ರಲ್ಲಿ ಕೇಂದ್ರ ಸರಕಾರ ಕೆಲಕಾಲ ನಿಗಾ ಪಟ್ಟಿಯಲ್ಲಿ ಇಟ್ಟಿತ್ತು. ಅಷ್ಟು ದೊಡ್ಡವರ ಪಾಡೇ ಹೀಗಾದರೆ ನಮ್ಮ ಸಣ್ಣ ಟ್ರಸ್ಟುಗಳು ಎಷ್ಟು ಎಚ್ಚರದಿಂದಿರಬೇಕು!

ಇಷ್ಟು ಕೇಳಿ ಗಾಬರಿಯಾಗಬೇಡಿ. ನಿಮ್ಮ ಮಗ, ಗಂಡ ಅಥವಾ ತಮ್ಮ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ರಿಯಾದ್‌ನಲ್ಲೋ ದುಬೈಯಲ್ಲೋ ದುಡಿಯುತ್ತಿದ್ದರೆ, ಅವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸುವ ಹಣ ಈ ಕಾಯ್ದೆಯ ಲೆಕ್ಕದಲ್ಲಿ ವಿದೇಶಿ ದೇಣಿಗೆಯೇ ಅಲ್ಲ. ದಿರ್ಹಮ್ಮಿನಲ್ಲಿ ಗಳಿಸಿದ್ದರೂ ಅಲ್ಲ. ಟ್ರಸ್ಟಿನವರು ದಾನಿಯ ಪಾಸ್‌ಪೋರ್ಟ್ ವಿವರ ಕೇಳಿದರೆ ಮಾತ್ರ ಬೇಸರಿಸಬೇಡಿ, ಅದು ಇರಬೇಕಾದ ದಾಖಲೆ. ಮನೆಖರ್ಚಿಗೆ ಬರುವ ಹಣಕ್ಕಂತೂ ಈ ಕಾಯ್ದೆಯ ಗೊಡವೆಯೇ ಇಲ್ಲ. ಕೆನಡಾದಲ್ಲೋ ಇಂಗ್ಲೆಂಡಿನಲ್ಲೋ ಅಲ್ಲಿನ ಪೌರತ್ವವನ್ನೇ ಪಡೆದ ನೆಂಟರು ನಿಮಗೆ ಹಣ ಕಳಿಸಿದರೂ, 2022ರ ನಿಯಮದಂತೆ ವರ್ಷಕ್ಕೆ 10 ಲಕ್ಷ ರೂಪಾಯಿಯವರೆಗೆ ಸರಕಾರಕ್ಕೆ ತಿಳಿಸಬೇಕಾಗಿಲ್ಲ.

ತೊಡಕು ಶುರುವಾಗುವುದು ಬೇರೆ ಕಡೆ. ಮಗನ ಅರಬ್ ಮಾಲಕ, “ನಿಮ್ಮೂರ ಯತೀಮ್ ಮಕ್ಕಳಿಗೆ ನನ್ನದೂ ಇರಲಿ” ಎಂದು ಒಂದು ಮೊತ್ತ ಕೊಡುತ್ತಾನೆ. ನಿಯ್ಯತ್ ಎಷ್ಟೇ ಒಳ್ಳೆಯದಿರಲಿ, ಊರಿನ ಟ್ರಸ್ಟಿಗೆಂದು ಕೊಟ್ಟ ಆ ಹಣ ವಿದೇಶಿ ದೇಣಿಗೆ. ಅಲ್ಲಿನ ಕಂಪೆನಿ ಅಥವಾ ಸಂಘ ಕೊಟ್ಟರೂ ಅಷ್ಟೇ. ಆತ ಭಾರತಕ್ಕೇ ಬಂದು ರೂಪಾಯಿಯಲ್ಲಿ ಕೊಟ್ಟರೂ ಅಷ್ಟೇ. ಆಗ ಕೆಲವರು ಸುಲಭದ ದಾರಿಯೊಂದನ್ನು ಹೇಳಿಕೊಡುತ್ತಾರೆ: “ಭಾಬಿ, ನಿಮ್ಮ ಖಾತೆಗೆ ಹಾಕಿಸೋಣ, ಆಮೇಲೆ ಟ್ರಸ್ಟಿಗೆ ಕೊಟ್ಟರಾಯಿತು.” ದಯವಿಟ್ಟು ಒಪ್ಪಬೇಡಿ. ಕಾಯ್ದೆ ಮುರಿದವರಿಗೆ ಐದು ವರ್ಷದವರೆಗೆ ಸೆರೆವಾಸದ ಶಿಕ್ಷೆ ಇದೆ. ನಾಳೆ ವಿಚಾರಣೆ ಬಂದರೆ ಹುಡುಕುವುದು ಖಾತೆ ಯಾರ ಹೆಸರಲ್ಲಿದೆ ಎಂದು; ಉಪಾಯ ಹೇಳಿಕೊಟ್ಟವರು ಆಗ ಎಲ್ಲಿರುತ್ತಾರೋ!

ಇನ್ನೊಂದು ವಿಷಯ. ಮಹಿಳೆಯರೂ ಇದ್ದಾರೆಂದು ತೋರಿಸಲು ನಮ್ಮನ್ನು ಟ್ರಸ್ಟಿಯಾಗಿಸುವ ರೂಢಿ ಬೆಳೆದಿದೆ. ಅಡುಗೆಮನೆಯಿಂದ ಕರೆದು “ಇಲ್ಲೊಂದು ಸಹಿ” ಎನ್ನುತ್ತಾರೆ, ಒದ್ದೆ ಕೈ ಒರೆಸಿಕೊಂಡು ಹಾಕುತ್ತೇವೆ. 2020ರ ನಂತರ ಪದಾಧಿಕಾರಿಗಳೆಲ್ಲರ ಆಧಾರ್ ಸಂಖ್ಯೆಯೂ ಅರ್ಜಿಯೊಡನೆ ಹೋಗುತ್ತದೆ. ಹೆಸರಿದ್ದ ಮೇಲೆ ಹೊಣೆಯೂ ಇದೆ. ಸಾಲದ ವ್ಯವಹಾರವನ್ನು ಬರೆದಿಡಿ ಎಂದು ಆದೇಶಿಸುವ ಅಲ್‌ಬಕರ ಅಧ್ಯಾಯದ 282ನೇ ವಚನ ಇಡೀ ಕುರ್‌ಆನಿನಲ್ಲೇ ಅತಿ ದೀರ್ಘವಾದದ್ದು. ಅದನ್ನು ಓದಿಕೊಂಡು ಬೆಳೆದ ನಾವು ಲೆಕ್ಕದ ಪುಸ್ತಕ ನೋಡದೆ ಸಹಿ ಹಾಕುವುದೇ?

ನೋಂದಣಿ ಸಿಗುವುದು ಹೇಗೆ? ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು. ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ತನ್ನ ಮುಖ್ಯ ಉದ್ದೇಶಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ನಮ್ಮ ಮೂರು ತಾಲೂಕುಗಳ ಸಣ್ಣ ಟ್ರಸ್ಟುಗಳು ಹೆಚ್ಚಾಗಿ ಮುಗ್ಗರಿಸುವುದು ಇಲ್ಲೇ. ಅಂಥವರಿಗೆ ಇರುವ ದಾರಿ ಪೂರ್ವಾನುಮತಿ: ಇಂಥ ದಾನಿ, ಇಂಥ ಕೆಲಸಕ್ಕೆ, ಇಷ್ಟು ಹಣ ಕೊಡುತ್ತಾನೆಂಬ ಪತ್ರದೊಡನೆ ಆ ಒಂದು ಕೆಲಸಕ್ಕೆ ಮಾತ್ರ ಅನುಮತಿ ಕೇಳಬಹುದು.

ಅನುಮತಿ ಸಿಕ್ಕರೂ ಹಣ ಮೊದಲು ಇಳಿಯಬೇಕಾದದ್ದು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ಆ ಖಾತೆ ತೆರೆಯಲು ದೆಹಲಿಗೆ ಹೋಗಬೇಕಾಗಿಲ್ಲ, ಹತ್ತಿರದ ಸ್ಟೇಟ್ ಬ್ಯಾಂಕ್ ಶಾಖೆಯ ಮೂಲಕವೇ ಆಗುತ್ತದೆ. ಬಂದ ಹಣದಲ್ಲಿ ಆಡಳಿತ ಖರ್ಚು ಶೇಕಡಾ 20 ಮೀರಬಾರದು. ಮೊದಲು ಶೇಕಡಾ 50ರವರೆಗೆ ಅವಕಾಶವಿತ್ತು. ಶಾಲೆಯ ಶಿಕ್ಷಕಿಯ ಸಂಬಳ ಈ ಆಡಳಿತ ಖರ್ಚಿನಲ್ಲಿ ಸೇರುವುದಿಲ್ಲ. ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ದಾಟಿಸುವಂತೆಯೂ ಇಲ್ಲ. ದೊಡ್ಡ ನಗರದ ಸಂಸ್ಥೆಯಿಂದ ಪಾಲು ಪಡೆದು ಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದ ಸಣ್ಣವರಿಗೆ ನಿಜವಾದ ಪೆಟ್ಟು ಬಿದ್ದದ್ದು ಇದರಿಂದಲೇ. ಈ ನಿಯಮ ಅನ್ಯಾಯವೆಂದೇ ನನ್ನ ಅನಿಸಿಕೆ. ಆದರೆ 2022ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಈ ತಿದ್ದುಪಡಿಗಳನ್ನು ಎತ್ತಿ ಹಿಡಿಯಿತು.

ನೋಂದಣಿಯ ಆಯುಸ್ಸು ಐದೇ ವರ್ಷ. 2021ರ ಕ್ರಿಸ್ಮಸ್ ಹೊತ್ತಿಗೆ ಮದರ್ ತೆರೇಸಾರ ಮಿಷನರೀಸ್ ಆಫ್ ಚಾರಿಟಿಗೇ ನವೀಕರಣ ನಿರಾಕರಿಸಲಾಗಿತ್ತು. ಕೆಲವೇ ದಿನಗಳಲ್ಲಿ, 2022ರ ಜನವರಿಯಲ್ಲಿ, ಮತ್ತೆ ಸಿಕ್ಕಿತು. ಅದೇ ಜನವರಿ 1ರಂದು ದೇಶದ ಸುಮಾರು 6,000 ಸಂಸ್ಥೆಗಳ ನೋಂದಣಿ ಕೊನೆಗೊಂಡಿತು. ಹೆಚ್ಚಿನವು ನವೀಕರಣಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲವೆಂದು ಗೃಹ ಸಚಿವಾಲಯ ಹೇಳಿತು. ಹೀಗೆ ಬಾಗಿಲು ಮುಚ್ಚಿದಾಗ ಜೂನ್ ತಿಂಗಳ ಫೀಸಿಗೆ ಕಾದು ಕುಳಿತ ಮಗುವಿಗೆ ಯಾರು ಉತ್ತರ ಹೇಳಬೇಕು?

ಮುಂದಿನ ಬಾರಿ ರಸೀದಿ ಪುಸ್ತಕ ಬಾಗಿಲಿಗೆ ಬಂದಾಗ, ವಿದೇಶದ ದಾನಿಗಳ ಮಾತೆತ್ತಿದರೆ, ಮೊದಲು ಚಹಾ ಕೊಡಿ. ಆಮೇಲೆ ನೋಂದಣಿ ಪತ್ರದ ಪ್ರತಿ ಕೇಳಿ. ಸಂಖ್ಯೆ ಇದೆಯೇ, ಅವಧಿ ಎಂದಿನವರೆಗೆ ಎಂದು ನೋಡಿ. ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಸಲ್ಲಿಸಬೇಕಾದ ಲೆಕ್ಕ ಸಲ್ಲಿಕೆಯಾಗಿದೆಯೇ ಎಂದು ವಿಚಾರಿಸಿ. ಪ್ರಾಮಾಣಿಕರು ಇದಕ್ಕೆ ಕೋಪಿಸಿಕೊಳ್ಳುವುದಿಲ್ಲ, ಚೀಲದಿಂದ ಕಾಗದ ತೆಗೆದು ತೋರಿಸುತ್ತಾರೆ.