ಕದ್ದರೂ ಕಡಿಮೆಯಾಗದ ಸರಕು

ತರೀಕೆರೆ ಕಡೆಯ ಕಣದಲ್ಲಿ ಒಣಹಾಕಿದ ಅಡಿಕೆ ರಾತ್ರಿ ಕಳುವಾದರೆ ಬೆಳಿಗ್ಗೆ ಖಾಲಿ ಕಣವೇ ಸುದ್ದಿ ಹೇಳುತ್ತದೆ. ಎಷ್ಟು ಹೋಯಿತು ಎಂಬ ಲೆಕ್ಕವೂ ಸಿಗುತ್ತದೆ. ಮಾಹಿತಿ ಕಳುವಾದರೆ ಹಾಗಾಗುವುದಿಲ್ಲ. ಕಳ್ಳ ಒಯ್ಯುವುದು ನಕಲನ್ನು. ಅಸಲು ಇದ್ದಲ್ಲೇ ಇರುತ್ತದೆ. ಹೆಸರು, ಆಧಾರ್ ಸಂಖ್ಯೆ, ಹೆಬ್ಬೆಟ್ಟಿನ ಗುರುತು ಎಲ್ಲವೂ ಸರ್ವರಿನಲ್ಲಿ ಭದ್ರವಾಗಿಯೇ ಕಾಣುತ್ತವೆ. ಹೀಗಾಗಿ ಇಂಥ ತನಿಖೆ ಬಹುಪಾಲು ಒಂದು ಅನುಮಾನದಿಂದ ಶುರುವಾಗುತ್ತದೆ. ಏನಾದರೂ ಹೋಗಿದೆಯೇ ಎಂಬುದನ್ನೇ ಮೊದಲು ಸಾಬೀತು ಮಾಡಬೇಕು.

2023ರಲ್ಲಿ ಬೆಂಗಳೂರಿನ ಪೊಲೀಸ್ ಠಾಣೆಗಳಿಗೆ ಒಂದೇ ಬಗೆಯ ದೂರುಗಳು ಬರತೊಡಗಿದವು. ಒಟಿಪಿ ಬಂದಿಲ್ಲ, ಯಾರಿಗೂ ಪಿನ್ ಹೇಳಿಲ್ಲ, ಆದರೂ ಖಾತೆಯಿಂದ ಹಣ ಹೋಗಿದೆ. ದೂರು ಕೊಟ್ಟ ಹಲವರಲ್ಲಿ ಇನ್ನೊಂದು ಸಮಾನ ಅಂಶವಿತ್ತು: ಅವರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದರು. ನೋಂದಾಯಿತ ಪತ್ರದಲ್ಲಿ ಆಧಾರ್ ವಿವರವೂ ಇರುತ್ತದೆ, ಬೆರಳಚ್ಚೂ ಇರುತ್ತದೆ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಇಷ್ಟಿದ್ದರೆ ಸಾಕು. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಪತ್ರದ ಪ್ರತಿಯನ್ನು ಆನ್‌ಲೈನಿನಲ್ಲಿ ಪಡೆದು, ಅದರಲ್ಲಿನ ಬೆರಳಚ್ಚನ್ನು ಸಿಲಿಕಾನ್ ಮೇಲೆ ಮೂಡಿಸಿ ಯಂತ್ರಕ್ಕೆ ಒತ್ತಿದರೆ ಯಂತ್ರ ನಂಬಿಬಿಡುತ್ತಿತ್ತು. ಇಂಥದೊಂದು ಪ್ರಕರಣದಲ್ಲಿ ಬೆಂಗಳೂರು ಪೊಲೀಸರು ಬಿಹಾರದ ಇಬ್ಬರನ್ನು ಬಂಧಿಸಿದರು. ನೋಂದಣಿ ಇಲಾಖೆ ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡಿತು.

ಇದರಲ್ಲಿ ಬೀಗ ಒಡೆದವರು ಯಾರೂ ಇಲ್ಲ. ಎಲ್ಲರಿಗೂ ತೆರೆದಿದ್ದ ಕಿಟಕಿಯಿಂದಲೇ ಪತ್ರ ಹೊರಗೆ ಹೋಯಿತು. ಕಡೂರಿನ ರೈತನೊಬ್ಬ ತೆಂಗಿನ ತೋಟ ಮಾರುವಾಗ ಹೆಬ್ಬೆಟ್ಟು ಒತ್ತುವುದು ಸರ್ಕಾರವನ್ನು ನಂಬಿ. ಆ ಹೆಬ್ಬೆಟ್ಟನ್ನು ಯಾರು ಬೇಕಾದರೂ ನೋಡುವಂತೆ ಇಟ್ಟದ್ದು ದೊಡ್ಡ ತಪ್ಪು. ಪಾಸ್‌ವರ್ಡ್ ಬದಲಿಸಬಹುದು, ಬೆರಳನ್ನು ಬದಲಿಸಲು ಬರುವುದಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಜನರ ಬದುಕಿನ ಬಹುಪಾಲು ಕಾಗದಗಳು ಈಗ ದೂರದ ಸರ್ವರುಗಳಲ್ಲಿವೆ. ಪಹಣಿ ‘ಭೂಮಿ’ಯಲ್ಲಿ, ಕ್ರಯಪತ್ರ ‘ಕಾವೇರಿ’ಯಲ್ಲಿ, ಹಳ್ಳಿಮನೆಯ ಖಾತೆ ‘ಇ–ಸ್ವತ್ತು’ವಿನಲ್ಲಿ, ರೈತರ ಗುರುತಿನ ಸಂಖ್ಯೆ ‘ಫ್ರೂಟ್ಸ್’ನಲ್ಲಿ. ಇದಕ್ಕೆ ದಾರಿ ಮಾಡಿದ್ದು ‘ಭೂಮಿ’. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುನ್ನಡೆಸಿದ ಆ ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಗ್ರಾಮ ಲೆಕ್ಕಿಗರ ಪುಸ್ತಕದಿಂದ ಕಂಪ್ಯೂಟರಿಗೆ ಬಂದವು. ಪಹಣಿ 15 ರೂಪಾಯಿಗೆ ಸಿಕ್ಕಿತೆಂಬುದು ಎಲ್ಲರ ನೆನಪಿನಲ್ಲಿದೆ. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿ ಇನ್ನೊಂದಿದೆ: ತಾಲ್ಲೂಕು ಕಚೇರಿಯ ಸಿಬ್ಬಂದಿ ಬೆರಳು ಒತ್ತಿಯೇ ಒಳಗೆ ಹೋಗಬೇಕಿತ್ತು. ಖಾತೆ ತಿದ್ದಿದವರು ಯಾರೆಂದು ಆಮೇಲೆ ಗೊತ್ತಾಗಲಿ ಎಂಬುದು ಅದರ ಉದ್ದೇಶ. ಯಾರು, ಯಾವಾಗ, ಎಲ್ಲಿಂದ, ಏನು ಮಾಡಿದರು ಎಂದು ಯಂತ್ರ ತಾನಾಗಿ ಬರೆದಿಡುವ ಈ ದಿನಚರಿಯೇ ಲಾಗ್. ಮಾಹಿತಿ ಕಳವಿನ ತನಿಖೆ ನಿಂತಿರುವುದು ಅದರ ಮೇಲೆ.

ಕಾನೂನು ಬಂದದ್ದೂ ‘ಭೂಮಿ’ ಬಂದ ಹೊತ್ತಿಗೇ. ಕಳವು ಎಂದರೆ ವಸ್ತು ಒಡೆಯನ ಕೈಯಿಂದ ಹೋಗಬೇಕು ಎನ್ನುತ್ತಿತ್ತು ಹಳೆಯ ದಂಡಸಂಹಿತೆ. 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು, ಅನುಮತಿಯಿಲ್ಲದೆ ನಕಲು ತೆಗೆಯುವುದನ್ನೇ ತಪ್ಪೆಂದು ಹೇಳಿತು. 2001ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಸೈಬರ್ ಅಪರಾಧ ಠಾಣೆ ತೆರೆಯಿತು. 2006ರಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕಿನ ಬೆಂಗಳೂರು ಕೇಂದ್ರದಿಂದ ಗ್ರಾಹಕರ ವಿವರ ಹೊರಗೆ ಹೋಗಿ ಬ್ರಿಟನ್ನಿನ ಸುಮಾರು 20 ಮಂದಿ 2.33 ಲಕ್ಷ ಪೌಂಡ್ ಕಳೆದುಕೊಂಡರೆಂಬ ಪ್ರಕರಣ ಬಂದಾಗ, ಆರೋಪ ಬಂದದ್ದು ಒಳಗಿನ ನೌಕರನ ಮೇಲೆ.

2017ರ ಪ್ರಕರಣದ ಸ್ವರೂಪವೇ ಬೇರೆ. ಆಧಾರ್ ಪ್ರಾಧಿಕಾರ ಜುಲೈ 26ರಂದು ಬೆಂಗಳೂರು ಪೊಲೀಸರಿಗೆ ದೂರು ಕೊಟ್ಟಿತು. ಖಾಸಗಿ ಮೊಬೈಲ್ ಆ್ಯಪ್ ಒಂದು ಅನುಮತಿಯಿಲ್ಲದೆ ಆಧಾರ್ ವಿವರ ತೋರಿಸುತ್ತಿತ್ತು. ಅದು ಆಧಾರ್ ಕೋಶಕ್ಕೆ ಕೈಯನ್ನೇ ಹಾಕಿರಲಿಲ್ಲ. ಆಸ್ಪತ್ರೆಗಳಿಗೆಂದು ಸರ್ಕಾರದ ರಾಷ್ಟ್ರೀಯ ಮಾಹಿತಿ ಕೇಂದ್ರ (ಎನ್‌ಐಸಿ) ನಡೆಸುವ ‘ಇ–ಹಾಸ್ಪಿಟಲ್’ ಸರ್ವರಿಗೆ ಇದ್ದ ಅನುಮತಿಯನ್ನು ತನ್ನದೆಂಬಂತೆ ಬಳಸಿಕೊಂಡಿತ್ತು. ಒಂದು ಆ್ಯಪ್ ಇನ್ನೊಂದನ್ನು ನಂಬುವುದು ಕ್ಲೌಡ್ ಯುಗದ ಅನಿವಾರ್ಯ. ಕಳ್ಳರ ಕಣ್ಣು ಬಿದ್ದಿರುವುದೂ ಆ ನಂಬಿಕೆಯ ಮೇಲೆಯೇ. 2025ರ ಆಗಸ್ಟಿನಲ್ಲಿ ‘ಸೇಲ್ಸ್‌ಲಾಫ್ಟ್ ಡ್ರಿಫ್ಟ್’ ಎಂಬ ಆ್ಯಪಿಗೆ ಕೊಟ್ಟಿದ್ದ ಡಿಜಿಟಲ್ ಪರವಾನಗಿಗಳನ್ನು ಕದ್ದವರು, ಅದನ್ನು ಜೋಡಿಸಿಕೊಂಡಿದ್ದ 700ಕ್ಕೂ ಹೆಚ್ಚು ಸಂಸ್ಥೆಗಳ ಮಾಹಿತಿಗೆ ಕೈಹಾಕಿದರು. ಅಲ್ಲಿ ಕಳ್ಳರು ತಮ್ಮ ಹುಡುಕಾಟದ ಕುರುಹು ಅಳಿಸಲು ನೋಡಿದ್ದರು. ಲಾಗ್ ಮಾತ್ರ ಉಳಿದಿತ್ತು.

ಬೆಂಗಳೂರಿನ ಪಾವತಿ ಕಂಪನಿ ಜಸ್‌ಪೇ ಕತೆಯನ್ನು ತನಿಖೆ ಕಲಿಯುವವರು ಓದಲೇಬೇಕು. 2020ರ ಆಗಸ್ಟ್ 18ರಂದು ಅದರ ಮಾಹಿತಿ ಕೋಶದ ಮೇಲೆ ಇದ್ದಕ್ಕಿದ್ದಂತೆ ಹೊರೆ ಹೆಚ್ಚಿತು. ಹುಡುಕಿದಾಗ ಸಿಕ್ಕಿದ್ದು, ಬದಲಿಸದೆ ಬಿಟ್ಟಿದ್ದ ಒಂದು ಹಳೆಯ ಡಿಜಿಟಲ್ ಕೀ. ಅಂಕಿಗಳ ಒಂದು ಭಾಗವನ್ನು ಮರೆಮಾಡಿದ್ದ 3.5 ಕೋಟಿ ಕಾರ್ಡುಗಳ ವಿವರ ಅದರ ಮೂಲಕ ಹೊರಗೆ ಹೋಗಿತ್ತು. ಗ್ರಾಹಕರಿಗೆ ಸುದ್ದಿ ಮುಟ್ಟಿದ್ದು 2021ರ ಜನವರಿಯಲ್ಲಿ, ಸ್ವತಂತ್ರ ಸಂಶೋಧಕರೊಬ್ಬರು ಬಯಲು ಮಾಡಿದ ಮೇಲೆ. ಕಾರ್ಡಿನ ಒಡೆಯನಿಗೆ ಕೊನೆಯಲ್ಲಿ ತಿಳಿಯುವ ಈ ಪದ್ಧತಿಗೆ ಯಾವ ಸಮರ್ಥನೆಯೂ ಇಲ್ಲ.

ಅನುಮಾನ ಬಂದ ಕೂಡಲೇ ತನಿಖಾಧಿಕಾರಿ ಮಾಡುವ ಮೊದಲ ಕೆಲಸ ಲಾಗನ್ನು ಇದ್ದ ಹಾಗೆ ಜೋಪಾನ ಮಾಡುವುದು. ಆಮೇಲೆ ಪ್ರಶ್ನೆಗಳು. ದಿನಕ್ಕೆ ಹತ್ತು ಕಡತ ನೋಡುವ ಖಾತೆ ಒಂದೇ ರಾತ್ರಿ ಹತ್ತು ಸಾವಿರ ಕಡತ ಇಳಿಸಿಕೊಂಡದ್ದು ಏಕೆ? ಬೆಳಿಗ್ಗೆ ಬೀರೂರಿನಿಂದ ಲಾಗಿನ್ ಆದ ನೌಕರ ಅರ್ಧ ಗಂಟೆಯಲ್ಲಿ ಪರದೇಶದಿಂದ ಲಾಗಿನ್ ಆದದ್ದು ಹೇಗೆ? ಕೆಲಸ ಬಿಟ್ಟು ಹೋದವರ ಹೆಸರಿನ ಕೀ ಇನ್ನೂ ಏಕೆ ಜೀವಂತವಾಗಿದೆ? ಸಾಮಾನ್ಯ ದಿನ ಹೇಗಿರುತ್ತದೆಂದು ಗೊತ್ತಿದ್ದವರಿಗೆ ಮಾತ್ರ ಅಸಾಮಾನ್ಯವಾದದ್ದು ಕಣ್ಣಿಗೆ ಬೀಳುತ್ತದೆ.

ಲಾಗ್ ಇಲ್ಲದಿದ್ದರೆ? 2023ರಲ್ಲಿ ಚೀನಾದ ಹ್ಯಾಕರುಗಳು ಮೈಕ್ರೋಸಾಫ್ಟ್ ಕ್ಲೌಡಿನಲ್ಲಿದ್ದ 22 ಸಂಸ್ಥೆಗಳ ಇ–ಮೇಲ್‌ಗೆ ನುಗ್ಗಿದರು. ಅದನ್ನು ಮೊದಲು ಗುರುತಿಸಿದ್ದು ಅಮೆರಿಕದ ವಿದೇಶಾಂಗ ಇಲಾಖೆ, ಏಕೆಂದರೆ ಅದು ಹೆಚ್ಚು ಹಣ ತೆತ್ತು ವಿವರವಾದ ಲಾಗ್ ಪಡೆಯುತ್ತಿತ್ತು. ಟೀಕೆ ಬಂದ ಮೇಲೆ ಕಂಪನಿ ಸಾಮಾನ್ಯ ಗ್ರಾಹಕರಿಗೂ ಹೆಚ್ಚು ಲಾಗ್ ಕೊಟ್ಟು, ಉಳಿಸುವ ಅವಧಿಯನ್ನು 90 ದಿನದಿಂದ 180ಕ್ಕೆ ಏರಿಸಿತು. ಭಾರತದಲ್ಲಿ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್–ಇನ್ 2022ರ ಏಪ್ರಿಲ್ 28ರಂದೇ ಆದೇಶಿಸಿತ್ತು: ಸೈಬರ್ ದಾಳಿಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು.

ಲಾಗ್ ಇದ್ದರೆ ಏನಾಗುತ್ತದೆಂಬುದಕ್ಕೆ ಉದಾಹರಣೆ ನಮ್ಮಲ್ಲೇ ಇದೆ. 2025ರ ಆರಂಭದಲ್ಲಿ ‘ಕಾವೇರಿ 2.0’ ತತ್ತರಿಸಿ ನೋಂದಣಿ ನಿಂತಾಗ ಜನ ಎಂದಿನಂತೆ ಸರ್ವರನ್ನೇ ಬೈದರು. ದಾಖಲೆ ನೋಡಿದಾಗ ಕಂಡದ್ದು 62 ನಕಲಿ ಖಾತೆಗಳು, 14 ಐಪಿ ವಿಳಾಸಗಳು, ಎರಡು ಗಂಟೆಯಲ್ಲಿ 6.2 ಲಕ್ಷ ದುರುದ್ದೇಶದ ಕೋರಿಕೆಗಳು. ಅದು ಕಳವಲ್ಲ, ದಾಳಿ. ಆದರೆ ಸುಳಿವು ಹಿಡಿದ ದಾರಿ ಒಂದೇ.

ಸುಳಿವು ನ್ಯಾಯಾಲಯದಲ್ಲಿ ನಿಲ್ಲುವುದು ಇನ್ನೊಂದು ಹೋರಾಟ. ಡಿಜಿಟಲ್ ಸಾಕ್ಷ್ಯಕ್ಕೆ ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2014ರ ಅನ್ವರ್ ಪ್ರಕರಣದಲ್ಲಿ ಹೇಳಿತು, 2020ರಲ್ಲಿ ಅದನ್ನೇ ಎತ್ತಿಹಿಡಿಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಕಡತದ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ.

ಕಡೂರು, ತರೀಕೆರೆ, ಅಜ್ಜಂಪುರದವರು ದೂರು ಕೊಡಲು ರಾಜಧಾನಿಗೆ ಹೋಗಬೇಕಿಲ್ಲ. ಚಿಕ್ಕಮಗಳೂರಿನಲ್ಲಿ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಸಿಇಎನ್ ಠಾಣೆಯಿದೆ. ಹಣ ಹೋದ ಕ್ಷಣವೇ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿನ ಸಂದೇಶ ಅಳಿಸಬಾರದು, ಆಧಾರ್ ಆ್ಯಪಿನಲ್ಲಿ ಬೆರಳಚ್ಚಿಗೆ ಬೀಗ ಹಾಕಿಡಬೇಕು. ಪರಿಹಾರ ಬೇಕಿದ್ದರೆ ರಾಜ್ಯದ ಐಟಿ ಕಾರ್ಯದರ್ಶಿಯ ಮುಂದೆ 5 ಕೋಟಿ ರೂಪಾಯಿವರೆಗಿನ ಹಕ್ಕೊತ್ತಾಯ ಸಲ್ಲಿಸಬಹುದು. ಮಾಹಿತಿ ಸೋರಿದರೆ ಅದರ ಒಡೆಯನಿಗೆ ತಡಮಾಡದೆ ತಿಳಿಸಬೇಕು, ವರ್ಷವಿಡೀ ಲಾಗ್ ಇಟ್ಟಿರಬೇಕು ಎನ್ನುವ ನಿಯಮಗಳು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ 2025ರ ನವೆಂಬರಿನಲ್ಲಿ ಪ್ರಕಟವಾದವು. ಅವು ಜಾರಿಗೆ ಬರುವುದು ಪ್ರಕಟವಾದ 18 ತಿಂಗಳ ಮೇಲೆ, 2027ರ ಮೇ ತಿಂಗಳಲ್ಲಿ.